ಗೌಡ್ರ ಕ್ಲಚ್ಚು ಬಿಡ್ತಿಲ್ಲ

ಕಾರು ಸ್ಟಾರ್ಟ್ ಆಗದಿದ್ದರೆ ಜನ ಬ್ಯಾಟರಿ ಅಂತಾರೆ, ಅಲ್ಲಿಗೆ ಮುಗಿಯಿತು. ಕ್ಲಚ್ ಕೈಕೊಟ್ಟಿತು ಅನ್ನಿ, ಚಿಕ್ಕಮಗಳೂರಿನಲ್ಲಿ ಎಲ್ಲರೂ ಮೆಕ್ಯಾನಿಕ್ಕೇ. ಚಾರ್ಮಾಡಿ, ಮುಳ್ಳಯ್ಯನಗಿರಿ ಅಂತ ಏರು ಹತ್ತಿಸಿ ನಮ್ಮ ಎಡಗಾಲಿಗೆ ಅಷ್ಟೊಂದು ಕೊಬ್ಬು.

ಮೊನ್ನೆ ಗೌಡ್ರ ತೋಟದ ಕಣದಲ್ಲಿ ಸಭೆ ಸೇರಿತ್ತು. ತುಳಿದರೆ ಎಂಜಿನ್ನಿಂದ ಗೇರ್‌ಬಾಕ್ಸನ್ನು ಬಿಡಿಸಬೇಕಾದ ಕ್ಲಚ್ ಪೆಡಲನ್ನು ಎಷ್ಟು ತುಳಿದರೂ ಗೇರ್ ಬೀಳುತ್ತಿಲ್ಲ. ರಿವರ್ಸಿಗೆ ಹಾಕಿದರೆ ಕರಕರ.

"ಕ್ಲಚ್ ಪ್ಲೇಟ್ ಸವೆದಿದೆ" ಅಂದರು ಗೌಡ್ರ ಭಾವ. ಭಾವನ ಪ್ರಕಾರ ಟೈರ್ ಪಂಕ್ಚರ್ ಆದರೂ ಪ್ಲೇಟೇ ಕಾರಣ.

"ಸವೆದರೆ ಸ್ಲಿಪ್ ಆಗುತ್ತೆ ಭಾವ. ಎಂಜಿನ್ ಕೂಗುತ್ತೆ, ಗಾಡಿ ಏರು ಹತ್ತಲ್ಲ. ಇದು ಉಲ್ಟಾ. ಹಿಡಿದಿದ್ದನ್ನ ಬಿಡ್ತಾ ಇಲ್ಲ" ಅಂದರು ಮೇಷ್ಟ್ರು.

"ಭಾವನ ಕೈಗೆ ಸಿಕ್ಕಿದ ದುಡ್ಡಿನ ಹಾಗೆ" ಅಂದರು ತೋಟದ ರೈಟರು, ಮೆಲ್ಲಗೆ.

ಮೇಷ್ಟ್ರು ಎಂಜಿನ್ ಆಫ್ ಮಾಡಿಸಿ ಗೇರ್ ಹಾಕಿಸಿದರು. ಎಲ್ಲವೂ ಸಲೀಸಾಗಿ ಬಿದ್ದವು. "ನೋಡಿದ್ರಾ? ಗೇರ್‌ಬಾಕ್ಸಿನ ತಪ್ಪಿಲ್ಲ. ಎಂಜಿನ್ ತಿರುಗುವಾಗ ಮಾತ್ರ ತಕರಾರು ಅಂದ್ರೆ ಅದು ಕ್ಲಚ್ಚೇ."

"ಹಾಗಾದ್ರೆ ಪಂಪ್ ಮಾಡ್ತೀನಿ" ಅಂತ ಭಾವ ಪೆಡಲ್ ತುಳಿಯಲು ಶುರು ಮಾಡಿದರು. ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ಚಾಗಿದ್ದರೆ ಇದು ಒಳ್ಳೇ ಪರೀಕ್ಷೆಯೇ. ಪಂಪ್ ಮಾಡಿದಾಗ ಗೇರ್ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರ್ ಸೋರುತ್ತಿದೆ ಅಂತ ಅನುಮಾನಿಸಬಹುದು. ಅದಕ್ಕೂ ಬ್ರೇಕ್ ಆಯಿಲ್ಲೇ, ಡಬ್ಬಿ ನೋಡಬೇಕು. ಆದರೆ ಗೌಡ್ರ ಹಳೇ ಕಾರಿನದು ಕೇಬಲ್ ಕ್ಲಚ್. ಅದನ್ನು ಹೇಳುವಷ್ಟರಲ್ಲಿ ಭಾವ ಬೆವರಿದ್ದರು.

ಬೆವರು ದಂಡವಾಗಲಿಲ್ಲ. ಅವರು ತುಳಿಯುವಾಗ ರೈಟರು ಬಾನೆಟ್ ಎತ್ತಿ ಗೇರ್‌ಬಾಕ್ಸ್ ಹತ್ತಿರದ ಲಿವರ್ ನೋಡಿದರು. ಪೂರ್ತಿ ಆಡುತ್ತಿತ್ತು. ಕೇಬಲ್ ಸಡಿಲವಾಗಿಲ್ಲ, ಹರಿದೂ ಇಲ್ಲ. ಮ್ಯಾಟ್ ಮಡಚಿ ಪೆಡಲಿಗೆ ಅಡ್ಡ ಬಂದಿದೆಯೋ ಅಂತಲೂ ಬಗ್ಗಿ ನೋಡಿದೆವು. ನಗಬೇಡಿ, ಅಷ್ಟಕ್ಕೇ ಗ್ಯಾರೇಜಿಗೆ ಹೋದವರಿದ್ದಾರೆ.

"ಗೇರ್‌ಬಾಕ್ಸ್ ಇಳಿಸಿಬಿಡೋಣ" ಅಂದರು ಭಾವ, ಬೇರೆಯವರ ಕಾರು ಅಲ್ವಾ.

"ತಡೀರಿ. ಗೌಡ್ರೇ, ಕಾರು ಶೆಡ್ಡಿಂದ ಹೊರಗೆ ತೆಗೆದು ಎಷ್ಟು ದಿನ ಆಯ್ತು?"

"ಮಳೆ ಹಿಡಿದ ಮೇಲೆ ತೆಗೆದೇ ಇಲ್ಲ. ಬರೀ ಜೀಪು."

ಮೇಷ್ಟ್ರ ಮುಖ ಅರಳಿತು. ಮಲೆನಾಡಿನ ಮಳೆಗಾಲದಲ್ಲಿ ಶೆಡ್ಡಿನ ಒಳಗೂ ಥಂಡಿ. ಎಂಜಿನ್ ಜೊತೆ ತಿರುಗುವ ಚಕ್ರ, ಅಂದರೆ ಫ್ಲೈವೀಲ್, ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಅದಕ್ಕೇ ಅಂಟಿಕೊಳ್ಳುವುದುಂಟು. ಪೆಡಲ್ ತುಳಿದರೆ ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟೇನೋ ಹಿಂದೆ ಸರಿಯುತ್ತದೆ, ಅಂಟಿದ್ದು ಅಂಟಿಕೊಂಡೇ ತಿರುಗುತ್ತದೆ.

ಅಂಟು ಬಿಡಿಸಲು ಕಣ ಖಾಲಿ ಮಾಡಿಸಿದೆವು, ನಾಯಿಯನ್ನೂ ಓಡಿಸಿದೆವು. ಎಂಜಿನ್ ಬಿಸಿ ಮಾಡಿ ಆಫ್ ಮಾಡಿದ್ದಾಯಿತು. ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ತುಳಿದು ಗೌಡ್ರು ಸ್ಟಾರ್ಟ್ ಮಾಡಿದರು. ಕಾರು ನೆಗೆಯಿತು. ಇದಕ್ಕೇ ಮುಂದೆ ಯಾರೂ ನಿಲ್ಲಬಾರದು ಅನ್ನುವುದು.

"ಕ್ಲಚ್ ಬಿಡಬೇಡಿ! ಆಕ್ಸಿಲರೇಟರ್ ಒತ್ತಿ, ಬಿಡಿ, ಒತ್ತಿ!" ಮೇಷ್ಟ್ರು ಪಕ್ಕದಲ್ಲೇ ಓಡುತ್ತಿದ್ದರು. ಇದಕ್ಕೂ ಬಗ್ಗದಿದ್ದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಒಳಗೆ ಕ್ಲಚ್ ಬಿಡಿಸುವ ಫೋರ್ಕ್ ಬಾಗಿರಬಹುದು, ಪ್ರೆಷರ್ ಪ್ಲೇಟ್ ಮುರಿದಿರಬಹುದು.

ಎರಡನೇ ಸುತ್ತಿನಲ್ಲಿ ಟಕ್ ಅಂತು. ಎಂಜಿನ್ ಒಂದೇ ಸಮನೆ ಕೂಗಿತು, ಕಾರು ತನ್ನ ಪಾಡಿಗೆ ಉರುಳಿತು.

"ಅಯ್ಯೋ, ಈಗ ಸ್ಲಿಪ್ ಆಗ್ತಿದೆ!" ಅಂತ ಗೌಡ್ರು ಕೂಗಿದರು.

"ಕ್ಲಚ್ ತುಳಿದಿದ್ದೀರಲ್ಲ ಗೌಡ್ರೇ, ಬಿಟ್ಕೊಂಡಿದೆ ಅದು!"

"ಈಗ ಕಾಲು ತೆಗೀಲಾ?"

"ಇನ್ನೊಂದು ಸುತ್ತು ಹಾಕಿ" ಅಂದರು ಭಾವ. ಅವರ ಕಾಫಿ ಇನ್ನೂ ಮುಗಿದಿರಲಿಲ್ಲ.