ಘಟ್ಟ, ಮಳೆ, ಸ್ವಿಫ್ಟ್: 185 ಬಿಟ್ಟು 205 ಟೈರಿಗೆ ಹೋಗಬಹುದಾ?

ಕೇಳಿದವರು, ಕುಮಟಾ:
2019ರ ಸ್ವಿಫ್ಟ್ ಝಡ್‌ಎಕ್ಸ್‌ಐ. ಕಂಪನಿ ಟೈರೇ ಇದೆ, 185/65 ಆರ್15 (ಅಗಲ 185 ಮಿ.ಮೀ., ಬದಿಯ ಎತ್ತರ ಅಗಲದ ಶೇ. 65, ರಿಮ್ 15 ಇಂಚು). ಮುಂದೆ 2.5 ಮಿ.ಮೀ., ಹಿಂದೆ 4 ಮಿ.ಮೀ. ಗುಂಡಿ (ಟ್ರೆಡ್ಡಿನ ಗೀರುಗಳ ಆಳ) ಉಳಿದಿದೆ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಓಡಾಟ ಜಾಸ್ತಿ, ಉಳಿದದ್ದು ಹೆದ್ದಾರಿ 66ರಲ್ಲಿ ಕಾರವಾರದ ತನಕ. ತೊಂದರೆ ಎರಡು. ಸ್ಟೇರಿಂಗ್ ತಿರುಗಿಸಿದರೂ ಗಾಡಿ ಅರೆಕ್ಷಣ ಯೋಚನೆ ಮಾಡಿದ ಹಾಗೆ ಮಾಡಿ ಆಮೇಲೆ ತಿರುಗುತ್ತದೆ. ಮಳೆಯಲ್ಲಿ ತಿರುವಿನಲ್ಲಿ ಮೂತಿ ಹೊರಗೆ ಜಾರುತ್ತದೆ. ಅಂಗಡಿಯವರು 16 ಇಂಚಿನ ಅಲಾಯ್ ಹಾಕಿ 205/50 ಕೂರಿಸಿ ಅಂತಾರೆ. ಗೊತ್ತಿದ್ದವರು ಹೇಳಿ.

ಅಂಕೋಲಾದಿಂದ:
ನಿಮ್ಮ ಎರಡೂ ದೂರು ಒಂದೇ ಕಾಯಿಲೆ ಅಲ್ಲ. ಬೇರೆ ಬೇರೆ ನೋಡಿ.

ತಡವಾಗಿ ತಿರುಗುವುದಕ್ಕೆ ಸವೆತ ಕಾರಣ ಆಗಿರಲಿಕ್ಕಿಲ್ಲ. ಸವೆದ ಟೈರಿನ ಟ್ರೆಡ್ ಗಟ್ಟಿಗಳು (ರಸ್ತೆಗೆ ತಾಗುವ ರಬ್ಬರ್ ತುಂಡುಗಳು) ಗಿಡ್ಡ, ಅವು ಕಡಿಮೆ ಬಾಗುತ್ತವೆ. ಹಾಗಾಗಿ ಒಣ ರಸ್ತೆಯಲ್ಲಿ ಹಳೆ ಟೈರು ಹೊಸದಕ್ಕಿಂತ ಚುರುಕಾಗಿಯೇ ತಿರುಗಬೇಕು. ತಡ ಆಗುತ್ತಿದೆ ಅಂದರೆ ಸೈಡ್‌ವಾಲ್ (ಟೈರಿನ ಬದಿ) ಬಾಗುತ್ತಿದೆ, ಗಾಳಿ ಕಡಿಮೆ ಇದೆ, ಇಲ್ಲಾ ಲೋವರ್ ಆರ್ಮ್ ಬುಶ್ (ಚಕ್ರ ಹಿಡಿದಿಡುವ ತೋಳಿನ ರಬ್ಬರ್) ಹೋಗಿದೆ. ಬುಶ್ ಹರಿದಿದ್ದರೆ ಎಂಥಾ ದುಬಾರಿ ಟೈರ್ ಹಾಕಿದರೂ ಅಷ್ಟೇ. ಟೈರಿಗೆ ದುಡ್ಡು ಹಾಕುವ ಮೊದಲು ಗಾಡಿ ಎತ್ತಿಸಿ ಬುಶ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ನೋಡಿಸಿ.

ಮಳೆಯಲ್ಲಿ ಮೂತಿ ಜಾರುವುದು ಮಾತ್ರ ಆ 2.5 ಮಿ.ಮೀ.ಯ ಫಲ. ಸವೆತದ ಗುರುತಿನ ಪಟ್ಟಿ 1.6 ಮಿ.ಮೀ.ಗೆ ಸಮ ಆಗುತ್ತದೆ ನಿಜ, ಆದರೆ ನಮ್ಮ ಮಳೆಗೆ ಅಲ್ಲಿಯ ತನಕ ಕಾಯುವುದು ತಪ್ಪು. 3 ಮಿ.ಮೀ.ಗೆ ಇಳಿದಾಗಲೇ ನೀರು ಹೊರಹಾಕುವ ಶಕ್ತಿ ಬಹಳ ಕುಗ್ಗಿರುತ್ತದೆ.

ಶಿರಸಿಯಿಂದ:
205 ಬೇಡ. ಅಗಲ ಹೆಚ್ಚಾದರೆ ರಸ್ತೆಗೆ ತಾಗುವ ಜಾಗ ಹೆಚ್ಚುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ನೋಡಿ: ಇಬ್ಬರು ಕೂತ ಸ್ವಿಫ್ಟ್ ಸುಮಾರು 1000 ಕೆ.ಜಿ., ಅದರಲ್ಲಿ ಮುಂದಿನ ಒಂದೊಂದು ಟೈರಿನ ಮೇಲೆ 300 ಕೆ.ಜಿ. ಅಂದಾಜು. 32 ಪಿಎಸ್‌ಐ (ಹವಾದ ಒತ್ತಡದ ಅಳತೆ) ಅಂದರೆ ಚದರ ಸೆಂ.ಮೀ.ಗೆ 2.25 ಕೆ.ಜಿ. ಭಾಗಿಸಿದರೆ ಸುಮಾರು 133 ಚದರ ಸೆಂ.ಮೀ., ಹೆಚ್ಚುಕಮ್ಮಿ ಒಂದು ಅಂಗೈ. ಟೈರ್ 185 ಇರಲಿ, 205 ಇರಲಿ, ಗಾಳಿ ಅಷ್ಟೇ ಇದ್ದರೆ ಈ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಆಕಾರ. ಅಗಲ ಟೈರಿನದು ಅಡ್ಡಕ್ಕೆ ಉದ್ದ, ಹಿಂದೆಮುಂದೆ ಗಿಡ್ಡ. ಒಣ ತಿರುವಿನಲ್ಲಿ ಅದು ಲಾಭ. ನಿಂತ ನೀರಿನಲ್ಲಿ ಹೆಚ್ಚು ನೀರು ತಳ್ಳಬೇಕು, ಬೇಗ ತೇಲುತ್ತದೆ.

ಇನ್ನು ಸೈಡ್‌ವಾಲ್. 185/65ರದು 120 ಮಿ.ಮೀ. ಎತ್ತರ, 205/50ರದು 102. ಸ್ಟೇರಿಂಗ್ ಚುರುಕಾಗುವುದು ಖಂಡಿತ. ಆದರೆ ಮಳೆಗಾಲದಲ್ಲಿ ನೀರು ತುಂಬಿದ ಹೊಂಡದ ಅಂಚು ಹೊಡೆದರೆ ಒಳಗಿನ ದಾರ ತುಂಡಾಗಿ ಬದಿಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಗೆ ರಿಪೇರಿ ಇಲ್ಲ, ಟೈರೇ ಬದಲು.

ಬದಲಿಸಲೇಬೇಕು ಅಂತಿದ್ದರೆ ಇದೇ 15ರ ರಿಮ್ಮಿಗೆ 195/60 ಹಾಕಿ. ಸುತ್ತಳತೆ ಶೇ. 1ರಷ್ಟೇ ಕಡಿಮೆ, ಸ್ಪೀಡೋಮೀಟರ್ ತಕರಾರು ಇಲ್ಲ. ರಿಮ್ ಅಗಲ ಮಾತ್ರ ನೋಡಿಕೊಳ್ಳಿ, ಒಳಬದಿಯಲ್ಲಿ ಅಚ್ಚೊತ್ತಿರುತ್ತದೆ. 195/60ಕ್ಕೆ ಕನಿಷ್ಠ 5.5 ಇಂಚು ಬೇಕು. 5 ಇಂಚಿನ ರಿಮ್ಮಿಗೆ ಹಾಕಿದರೆ ಸೈಡ್‌ವಾಲ್ ಹೊಟ್ಟೆ ಬಿಟ್ಟು ಇನ್ನಷ್ಟು ಅಲುಗಾಡುತ್ತದೆ, ಕೊಟ್ಟ ದುಡ್ಡು ನೀರಿಗೆ. 195/65 ಅಂತೂ ಬೇಡ. ಸುತ್ತಳತೆ ಶೇ. 2 ಹೆಚ್ಚಿ ಗೇರ್ ಭಾರ ಆಗುತ್ತದೆ, ಘಟ್ಟದಲ್ಲಿ ಎರಡನೇ ಗೇರಿನ ಎಳೆತ ಮಂಕಾಗುತ್ತದೆ. ಲೋಡ್ ಸೂಚಿ, ಅಂದರೆ ಒಂದು ಟೈರ್ ಹೊರಬಲ್ಲ ಭಾರದ ಅಂಕಿ, 88ಕ್ಕಿಂತ (560 ಕೆ.ಜಿ.) ಕೆಳಗೆ ಇಳಿಯಬೇಡಿ.

ಕಾರವಾರದಿಂದ:
ಹವಾ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವ ಸಂಖ್ಯೆಯೇ ಆಧಾರ, ಅದನ್ನು ಟೈರ್ ತಣ್ಣಗಿದ್ದಾಗ ನೋಡಬೇಕು. ಮನೆಯಲ್ಲೇ ಒಂದು ಗೇಜ್ ಇಟ್ಟುಕೊಳ್ಳಿ. ಘಟ್ಟ ಇಳಿದು ಬಂದ ಬಿಸಿ ಟೈರಿನಲ್ಲಿ 3-4 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅದನ್ನು ಬಿಡಿಸಿದಿರೋ, ಮರುದಿನ ಬೆಳಿಗ್ಗೆ ಅಷ್ಟೂ ಕಡಿಮೆ.

ಸಮುದ್ರ ಮಟ್ಟದಿಂದ ಶಿರಸಿಯ ಎತ್ತರಕ್ಕೆ (ಸುಮಾರು 600 ಮೀ.) ಹೋದರೆ ಹೊರಗಿನ ವಾಯುಭಾರ ಇಳಿದು ಗೇಜ್ 1 ಪಿಎಸ್‌ಐ ಏರುತ್ತದೆ. ಮೇಲೆ ತಂಪು, ಸುಮಾರು 6 ಡಿಗ್ರಿ ಇಳಿದರೆ 1 ಪಿಎಸ್‌ಐ ಇಳಿಯುತ್ತದೆ. ಒಂದನ್ನೊಂದು ಬಹುಪಾಲು ತಿಂದುಹಾಕುತ್ತವೆ, ತಲೆ ಕೆಡಿಸಿಕೊಳ್ಳಬೇಡಿ.

ನೀರಿನ ಮೇಲೆ ತೇಲುವ ವೇಗಕ್ಕೆ ನಾಸಾದವರು ವಿಮಾನದ ಟೈರಿಗೆ ಕಂಡುಕೊಂಡ ಸೂತ್ರವಿದೆ: ಪಿಎಸ್‌ಐನ ವರ್ಗಮೂಲದ 9 ಪಟ್ಟು, ಉತ್ತರ ನಾಟ್‌ಗಳಲ್ಲಿ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.). 32ಕ್ಕೆ ಗಂಟೆಗೆ 94 ಕಿ.ಮೀ., 26ಕ್ಕೆ 85. ಕಾರಿಗೆ ಅಂದಾಜು ಮಾತ್ರ, ಸವೆದ ಟೈರಿಗೆ ಇನ್ನೂ ಬೇಗ. ಆದರೂ ಹವಾ ಇಳಿಸಿದರೆ ಮಳೆಯಲ್ಲಿ ಹಿಡಿತ ಜಾಸ್ತಿ ಅನ್ನುವವರಿಗೆ ಇಷ್ಟು ಉತ್ತರ ಸಾಕು.

ಕರಾವಳಿಯವರಿಗೆ ಇನ್ನೊಂದು ಗೋಳಿದೆ. ಉಪ್ಪು ಗಾಳಿಗೆ ಅಲಾಯ್ ರಿಮ್ಮಿನ ಅಂಚು, ಟೈರ್ ಕೂರುವ ಜಾಗ, ಬಿಳಿ ಪುಡಿಗಟ್ಟಿ ಹವಾ ಸೋರುತ್ತದೆ. ಪಂಕ್ಚರ್ ಅಂಗಡಿಯವರು ಮೊಳೆ ಹುಡುಕಿ ಸಿಗದೆ ಕಳಿಸುತ್ತಾರೆ. ಟೈರ್ ಬಿಚ್ಚಿದಾಗ ಅಂಚನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿಸಿ, ಬೀಡ್ ಸೀಲರ್ ಹಚ್ಚಿಸಿ, ರಬ್ಬರ್ ವಾಲ್ವ್ ನಾಲ್ಕೂ ಹೊಸದು ಹಾಕಿಸಿ.

ಕೇಳಿದವರು, ಕುಮಟಾ:
ಸದ್ಯಕ್ಕೆ ಎರಡೇ ಕೊಂಡರೆ? ಎಳೆಯುವುದು, ತಿರುಗುವುದು ಎಲ್ಲ ಮುಂದಿನ ಚಕ್ರ ಅಲ್ವಾ, ಮುಂದೆಯೇ ಹಾಕುವುದು ತಾನೇ?

ಹೊನ್ನಾವರದಿಂದ:
ಅಲ್ಲ. ಹೊಸದು ಹಿಂದೆ, ಈಗ ಹಿಂದಿರುವ 4 ಮಿ.ಮೀ.ಯವು ಮುಂದೆ. ಮುಂದಿನದು ಜಾರಿದರೆ ಸ್ಟೇರಿಂಗ್ ಹಗುರಾಗಿ ಮೊದಲೇ ಗೊತ್ತಾಗುತ್ತದೆ, ಆಕ್ಸಿಲರೇಟರ್ ಮೆಲ್ಲ ಬಿಟ್ಟರೆ ಗಾಡಿ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಅಡ್ಡ ತಿರುಗುತ್ತದೆ. ಇಳಿಜಾರಿನ ಹೇರ್‌ಪಿನ್‌ನಲ್ಲಿ ಬ್ರೇಕ್ ಒತ್ತಿದಾಗ ಭಾರ ಮುಂದೆ ಬಂದು ಹಿಂಬದಿ ಮೊದಲೇ ಹಗುರ ಆಗಿರುತ್ತದೆ ಮಾರಾಯ್ರೆ, ಅಲ್ಲಿ ಸವೆದ ಟೈರ್ ಇಟ್ಟರೆ ಕಥೆ ಮುಗಿಯಿತು.

ಆದರೆ 2019ರ ಟೈರ್ ಅಂದಿರಿ. ಸೈಡ್‌ವಾಲಿನಲ್ಲಿ ಡಾಟ್ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಗುಂಡಿ 4 ಮಿ.ಮೀ. ಇದ್ದರೂ ಒದ್ದೆಯಲ್ಲಿ ಹಿಡಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಾಲ್ಕೂ ಬದಲಿಸಿ, ಬೇಕಾದರೆ ಅಲಾಯ್ ದುಡ್ಡು ಉಳಿಸಿ. ಹೊಸದರಲ್ಲೂ ಆರು ತಿಂಗಳೊಳಗಿನದು ಕೇಳಿ ತಗೊಳ್ಳಿ.

ಯಲ್ಲಾಪುರದಿಂದ:
ಶಿರಸಿಯವರು 16 ಇಂಚನ್ನು ಪೂರ್ತಿ ತಳ್ಳಿಹಾಕಿದ್ದು ಒಪ್ಪುವುದಿಲ್ಲ. ಐ20 ಎನ್ ಲೈನ್‌ಗೆ ಕಂಪನಿಯೇ 195/55 ಆರ್16 ಕೊಡುತ್ತದೆ. ಅದರ ಸುತ್ತಳತೆ ನಿಮ್ಮ 185/65 ಆರ್15ಕ್ಕೆ ಹೆಚ್ಚುಕಡಿಮೆ ಸಮ, ಸೈಡ್‌ವಾಲ್ 107 ಮಿ.ಮೀ. ಚುರುಕೂ ಬೇಕು, ಹೊಂಡಕ್ಕೂ ತಡೆಯಬೇಕು ಅಂದರೆ ಅದು ನಡುದಾರಿ. ಹೊರಗಿನ ಅಲಾಯ್ ತಗೊಂಡರೆ ಸ್ವಿಫ್ಟಿನ ಹಬ್ (ರಿಮ್ಮಿನ ನಡುತೂತು ಕೂರುವ ಗುಬ್ಬಿ) 54.1 ಮಿ.ಮೀ. ಅನ್ನುವುದು ನೆನಪಿರಲಿ. ರಿಮ್ಮಿನ ತೂತು ದೊಡ್ಡದಿದ್ದರೆ ಹಬ್ ರಿಂಗ್ ಹಾಕದೆ 80ರ ಮೇಲೆ ಸ್ಟೇರಿಂಗ್ ನಡುಗುವ ಸಂಭವ ಹೆಚ್ಚು, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ.

ಟೈರ್ ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ಹಳೆಯದನ್ನು ಬಿಸಾಡುವ ಮೊದಲು ಕೈಯಾಡಿಸಿ ನೋಡಿ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಳಗಿನಿಂದ ಹೊರಕ್ಕೆ ಉಜ್ಜಿದಾಗ ನುಣ್ಣಗೆ, ವಾಪಸ್ ಉಜ್ಜಿದಾಗ ಗರಗಸದ ಹಾಗೆ ಕೈಗೆ ಚುಚ್ಚಿದರೆ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ಮುಂದಿನ ಟೋ ಸೊನ್ನೆಯ ಹತ್ತಿರ ಇಡಿಸಿ. ಹೊರಕ್ಕೆ ಬಿಡಿಸಿದರೆ ತಿರುವಿಗೆ ಚುರುಕು ಅಂತ ಕೆಲವರು ಮಾಡಿಸುತ್ತಾರೆ. ಹೆದ್ದಾರಿಯಲ್ಲಿ ಗಾಡಿ ಅಲೆದಾಡುತ್ತದೆ, ಒಳಅಂಚು ಬೇಗ ಹೋಗುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ತಿರುಚಿ ಸರಿಮಾಡುವ ವ್ಯವಸ್ಥೆಯೇ ಇಲ್ಲ, ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

ಹೊಸ ಟೈರಿನ ಮೇಲ್ಮೈ ಅಚ್ಚಿನ ಎಣ್ಣೆಗೆ ಜಾರುತ್ತದೆ. ಮೊದಲ 200-300 ಕಿ.ಮೀ. ಮೆತ್ತಗೆ ಓಡಿಸಿ. ಅರಬೈಲ್ ಘಟ್ಟದ ಕಡೆ ಬರುವುದಿದ್ದರೆ ಲಾರಿ ನಿಧಾನ ಹತ್ತುವ ತಿರುವುಗಳಲ್ಲಿ ಡೀಸೆಲ್ ಚೆಲ್ಲಿರುತ್ತದೆ, ಮೊದಲ ಮಳೆಗೆ ಬಣ್ಣಬಣ್ಣದ ಪೊರೆ ಕಾಣುತ್ತದೆ. ಅಲ್ಲಿ ಯಾವ ಟೈರೂ ಹಿಡಿಯುವುದಿಲ್ಲ.

ಅಂಕೋಲಾದಿಂದ:
ಸ್ಟೆಪ್ನಿಯನ್ನೂ ತೆಗೆದು ನೋಡಿ. 165/80 ಆರ್14 ಇದ್ದರೆ ಸುತ್ತಳತೆ ಹೊಂದುತ್ತದೆ, ಅಗಲ ಕಡಿಮೆ, ರಬ್ಬರೂ ಬೇರೆ. ಮುಂದಿನ ಚಕ್ರ ಪಂಕ್ಚರ್ ಆದರೆ ಹಿಂದಿನ ಒಳ್ಳೆಯದನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕಿ. ಹಿಂದೆ ಹಿಡಿತ ಕಡಿಮೆಯಾಗುವ ಕಾರಣ ಪಂಕ್ಚರ್ ಅಂಗಡಿ ಸಿಗುವವರೆಗೆ 60ರೊಳಗೇ ಓಡಿಸಿ.