ಅಪ್‌ಡೇಟ್: ನನ್ನ ರೆಪರ್ಟರಿ ಗ್ರಿಡ್ ಲೆಕ್ಕ ಕೊನೆಗೂ ಸರಿಹೋಯಿತು

ಹೋದ ವಾರ ಕೇಳಿದ್ದೆನಲ್ಲ, ಮನಶ್ಶಾಸ್ತ್ರಜ್ಞ ಜಾರ್ಜ್ ಕೆಲಿ 1955ರಲ್ಲಿ ವಿವರಿಸಿದ ಈ ಗ್ರಿಡ್ (ನಾವು ಜನರನ್ನು ಯಾವ ಗುಣಗಳಿಂದ ಅಳೆಯುತ್ತೇವೆ ಅಂತ ತೋರಿಸುವ ಅಂಕಪಟ್ಟಿ) ಮೇಲೆ ಪ್ರಿನ್ಸಿಪಲ್ ಕಾಂಪೊನೆಂಟ್ ಲೆಕ್ಕ (ಅಂಕಗಳ ಏರುಪೇರನ್ನು ಕೆಲವೇ ಮುಖ್ಯ ದಿಕ್ಕುಗಳಿಗೆ, ಅಂದರೆ ಕಾಂಪೊನೆಂಟ್‌ಗಳಿಗೆ, ಇಳಿಸುವ ಲೆಕ್ಕ) ಹಾಕಿದರೆ ಮೊದಲ ಕಾಂಪೊನೆಂಟೇ ಏರುಪೇರಿನ ಶೇ. 90ರಷ್ಟು ನುಂಗುತ್ತಿದೆ, ಯಾಕೆ ಅಂತ. ತಪ್ಪು ನನ್ನದೇ. ಗೊತ್ತಿರುವ 10 ಜನರಿಗೆ 8 ಗುಣದ ಜೋಡಿಗಳಲ್ಲಿ 1ರಿಂದ 7ರವರೆಗೆ ಅಂಕ ಕೊಟ್ಟಿದ್ದೆ, ಆದರೆ ಪ್ರತಿ ಸಾಲಿನ (ಅಂದರೆ ಪ್ರತಿ ಗುಣದ ಜೋಡಿಯ) ಸರಾಸರಿ ಕಳೆಯುವುದನ್ನೇ ಮರೆತಿದ್ದೆ. ಕಳೆದ ಮೇಲೆ ಮೊದಲ ಕಾಂಪೊನೆಂಟಿನ ಪಾಲು ಶೇ. 46ಕ್ಕೆ ಇಳಿಯಿತು.

ಮಜಾ ಆಮೇಲೆ. ‘ನಂಬಬಹುದು–ನಂಬಲಾಗದು’ ಮತ್ತು ‘ವಾಚಾಳಿ–ಮೌನಿ’ ನಡುವೆ ಕೋರಿಲೇಶನ್ (ಎರಡು ಅಂಕಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ಮೈನಸ್ 0.88, ಅಂದರೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ! ಎರಡನೆಯದರ ತುದಿ ತಿರುಗಿಸಿ ‘ಮೌನಿ–ವಾಚಾಳಿ’ ಮಾಡಿದೆ, ಹೋಲುವ ಗುಣಗಳನ್ನು ಗುಂಪು ಮಾಡುವ ಕ್ಲಸ್ಟರ್‌ನಲ್ಲಿ ಎರಡೂ ಅಂಟಿಕೊಂಡವು. ಅಂದರೆ ನನ್ನ ತಲೆಯಲ್ಲಿ ಸುಮ್ನೆ ಕೂರುವವರೆಲ್ಲ ನಂಬಿಗಸ್ತರು, ಅಲ್ವಾ? ಅಪ್ಪ ಮಾತ್ರ ಈ ಲೆಕ್ಕದಿಂದ ಬರುವ ನಕ್ಷೆಯ ಒಂದು ಮೂಲೆಯಲ್ಲಿ ಒಬ್ಬರೇ ನಿಂತಿದ್ದಾರೆ. ಜಾಸ್ತಿ ಮಾತಾಡ್ತಾರೆ, ಆದರೂ ನಂಬಿಕೆಗೆ 7.