ಕಿವಿರು ಇಳಿದ ಮ್ಯಾಲಿನ ಸಂಸಾರ

ಬಸ್ಯಾ: ಗುರಣ್ಣ, ಶಿವ್ಯಾನ ಆಕ್ಸೊಲಾಟಲ್, ಅದ ಆ ನೀರಾಗಿರೋ ಕಪ್ಪಿ ಬಳಗದ ಬಾಲದ ಪ್ರಾಣಿ, ಸನ್ಯಾಸ ತಗೊಳ್ಳಾಕತ್ತೈತಂತ. ಊಟ ಬಿಟ್ಟೈತಿ, ತಲಿ ಎರಡೂ ಕಡೆ ಹೊರಗ ಇರೋ ಕಿವಿರು ಇಳದಾವು, ಘಳಿಗಿಗೊಮ್ಮೆ ಮ್ಯಾಲ ಬಂದು ಗುಳುಕ್ಕಂತ ಗಾಳಿ ನುಂಗತೈತಿ. ನೀರಿನ ಸಂಸಾರ ಸಾಕಾಗೈತಂತ ಕಾಣತೈತಿ.

ಗುರಣ್ಣ: ಮೊದಲ ನೀರು ಪರೀಕ್ಷಾ ಮಾಡ್ಯಾನೇನ ಕೇಳು. ಕಿವಿರು ಸಣ್ಣಾದ ಕೂಡ್ಲೆ ರೂಪಾಂತರ ಆತು, ನೀರು ಬಿಟ್ಟು ನೆಲದ ಪ್ರಾಣಿ ಆತು ಅಂತ ಡಂಗುರ ಹೊಡಿಯೋರು ಭಾಳ ಮಂದಿ. ಹೊಲಸಿನಿಂದ ನೀರಾಗ ಹುಟ್ಟೋ ಅಮೋನಿಯಾ ವಿಷ ಏರಿದ್ರೂ ಕಿವಿರಿನ ಎಳಿ ಸುಟ್ಟು ಗಿಡ್ಡ ಆಗತಾವು.

ಶಿವ್ಯಾ: ನೀರು ಎಷ್ಟು ತಿಳಿ ಐತಿ ಅಂದ್ರ, ತಳದಾಗಿನ ಹೆಸರು ಓದಬಹುದು.

ಗುರಣ್ಣ: ಅಮೋನಿಯಾ ಕಣ್ಣಿಗೆ ಕಾಣೂದಿಲ್ಲೋ ತಮ್ಮಾ. ಹನಿ ಹಾಕಿ ಬಣ್ಣ ನೋಡೋ ಕಿಟ್ ಸಿಗತೈತಿ, ತಗೋ. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 20 ಪಿಪಿಎಂ, ಅಂದ್ರ ಲೀಟರಿಗೆ 20 ಮಿಲಿಗ್ರಾಂ ಒಳಗ ಇರಬೇಕು. ಇದರಾಗ ತಪ್ಪಿದ್ರ ದ್ವಾಷ ನೀರಿಂದು. ನೀರು ಸುಧಾರಿಸಿದ್ರ ಕಿವಿರು ತಿರುಗಿ ಚಿಗೀತಾವು.

ಸುಧಾಕ್ಕ: ಖರೇ ರೂಪಾಂತರ ಇದ್ರ ಕಿವಿರು ಒಂದ ಹೋಗೂದಿಲ್ಲ. ತಲಿ ಹಿಂದಿಂದ ಬಾಲದ ತುದಿ ತನಕ ಒಂದು ತೆಳ್ಳನ ಪರದಿ ಇರ್ತದಲ್ಲ, ಅದನ್ನ ನೋಡು. ಅದು ಕರಗಿ ಬಾಲ ಗುಂಡಗಾಗ್ತದ. ಕಣ್ಣು ಉಬ್ಬತಾವ, ರೆಪ್ಪಿ ಮೂಡ್ತಾವ. ನೀರಾಗಿನ ಆಕ್ಸೊಲಾಟಲ್‌ಗೆ ರೆಪ್ಪಿನ ಇಲ್ಲ.

ಬಸ್ಯಾ: ಅಂದ್ರ ಕಣ್ಣು ಹೊಡದ್ರ ಪಕ್ಕಾ!

ಸುಧಾಕ್ಕ: ನಿನಗ ಹೊಡೀಲಿಕ್ಕಿಲ್ಲ ಬಿಡು. ಶಿವು, ಫೋಟೋ ಇದ್ರ ತೋರಿಸು.

ಶಿವ್ಯಾ ಫೋನ್ ಮುಂದೆ ಹಿಡಿದ. ಬೆನ್ನಿನ ಪರದೆ ಸೊಂಟದ ತನಕ ಪೂರಾ ಮಾಯವಾಗಿ, ಬಾಲದ ಕೊನೆಯಲ್ಲಿ ಮಾತ್ರ ಬೆರಳಗಲ ಉಳಿದಿತ್ತು. ಕಿವಿರು ಇದ್ದ ಜಾಗದಲ್ಲಿ ಎರಡೂ ಕಡೆ ಮೂರು ಮೂರು ಮೊಂಡು ಗುಬಟು. ಮೈಮೇಲಿಂದ ಬೂದು ಪೊರೆಯ ಚೂರು ಸುಲಿದು ನೀರಲ್ಲಿ ತೇಲುತ್ತಿತ್ತು.

ಸುಧಾಕ್ಕ: ಇದು ಖರೇನ ಹೊರಗ ಬರೋ ಪ್ರಾಣಿನ. ಇನ್ನ ತಿರುಗಿ ಹೋಗೂದಿಲ್ಲ.

ಬಸ್ಯಾ: ಎಲ್ಲಾ ಆಕ್ಸೊಲಾಟಲ್ ಹಿಂಗ ಆಗಬೇಕಲ್ಲ ಮತ್ತ? ಕಪ್ಪಿ ಮರಿ ಕಪ್ಪಿ ಆದಂಗ.

ಗುರಣ್ಣ: ಆಗೂದಿಲ್ಲ, ಅದ ಇದರ ವಿಶೇಷ. ರೂಪಾಂತರ ಆಗಬೇಕಂದ್ರ ಮಿದುಳಿನ ಬುಡದಾಗಿನ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನ ಎಬ್ಬಸಬೇಕು. ಇದರಾಗ ಅದು ಸಾಕಷ್ಟು ಎಬ್ಬಸೂದಿಲ್ಲ. ಹಿಂಗಾಗಿ ಮರಿ ರೂಪದಾಗ ಇದ್ದು, ಅದರಾಗ ಮುದುಕಾಗಿ, ಅದರಾಗ ಮಕ್ಕಳು ಮರಿ ಮಾಡಿ ಮುಗಸತೈತಿ. ಮೆಕ್ಸಿಕೋ ಸಿಟಿ ಹತ್ತಿರದ ಸೊಚಿಮಿಲ್ಕೊ ಕಾಲುವಿಗೋಳಾಗ ಈಗ ಉಳದಿರೋ ಅಷ್ಟಿಷ್ಟು ಪ್ರಾಣಿನೂ ಹಂಗ ಬಾಳೂವು. 1865ರಾಗ ಪ್ಯಾರಿಸ್‌ನಾಗ ದ್ಯುಮೆರಿಲ್ ಅನ್ನೋ ಪ್ರಾಣಿಶಾಸ್ತ್ರಜ್ಞನ ಕಡೆ ಹುಟ್ಟಿದ ಮರಿಗೋಳಾಗ ಕೆಲವು ಏಕಾಏಕಿ ಕಿವಿರು ಬಿಟ್ಟು ನೆಲಾ ಹತ್ತಿದ್ವು. ನೋಡಿದೋರು ದಂಗಾದ್ರು.

ಸುಧಾಕ್ಕ: 1962ರಾಗ ಅಮೆರಿಕಾದ ಪ್ರಯೋಗಶಾಲಿಯೊಳಗ ಬಿಳಿ ಬಣ್ಣದ ಸಲುವಾಗಿ ಟೈಗರ್ ಸಾಲಮಾಂಡರ್ ಅನ್ನೋ ಇದರ ಬಳಗದ ಪ್ರಾಣಿ ಜೋಡಿ ಇದನ್ನ ಬೆರಕಿ ಮಾಡಿದ್ರು. ಅದರ ವಂಶದ ರಕ್ತ ಸಾಕೋರ ಮನಿ ಮನಿಗೂ ಹಬ್ಬ್ಯದ. ಟೈಗರ್ ಅಂದ್ರ ನೆಲಾ ಹತ್ತೋದು ಸಹಜ ಇರೋ ಜಾತಿ. ತಾನಾಗೇ ಬದಲಾಗೂದರೊಳಗ ಆ ರಕ್ತದ ಕೈವಾಡ ಅದನೋ ಏನೋ ಅಂತ ಸಾಕೋರಿಗೆ ಮೊದಲಿಂದ ಅನುಮಾನ ಅದ.

ಬಸ್ಯಾ: ಥೈರಾಯ್ಡ್ ಅಂದ್ರಿ. ನಮ್ಮವ್ವನ ಗುಳಿಗಿ ಡಬ್ಬಿ ತುಂಬ ಅದಾವು. ಅರ್ಧಾ ಹಾಕಿದ್ರ ಉಳದದ್ದೂ ಲಗೂನ ಮುಗೀತೈತಲ್ಲ?

ಗುರಣ್ಣ: ಮುಗೀತೈತಿ, ಪ್ರಾಣಿನ ಮುಗೀತೈತಿ. ಆ ಗುಳಿಗ್ಯಾಗಿನ ಥೈರಾಕ್ಸಿನ್ ಇರಲಿ, ಅಯೋಡಿನ್ ಇರಲಿ, ಹೊರಗಿಂದ ಹಾಕೋದು ಪ್ರಯೋಗಶಾಲಿ ಕೆಲಸ. ಮನ್ಯಾಗ ಮಾಡಿದೋರ ತೊಟ್ಟಿ ಖಾಲಿ ಆಗ್ಯಾವು. ತಾನಾಗೇ ಬದಲಾದವೂ ಪೂರಾ ಆಯುಷ್ಯ ಬಾಳೋದು ಕಡಿಮಿ. ನೀರಾಗಿಂದು 10–15 ವರ್ಷ ಇರತೈತಿ, ಇದರ ಮ್ಯಾಲ ಅಷ್ಟು ಆಸೆ ಇಡಬ್ಯಾಡ. ಕಾಲು ತುಂಡಾದ್ರ ಮತ್ತ ಬೆಳಿಯೋ ಶಕ್ತಿನೂ ಮಂದ ಆಗತೈತಿ. ಚಂದ ಕಾಣತೈತಿ ಅಂತ ಬದಲು ಮಾಡೋದು ಶುದ್ಧ ಪಾಪದ ಕೆಲಸ.

ಶಿವ್ಯಾ: ನಾ ಏನೂ ಹಾಕಿಲ್ಲ, ದೇವರಾಣಿ. ಈಗ ಏನ ಮಾಡ್ಲಿ ಹೇಳ್ರಿ.

ಸುಧಾಕ್ಕ: ಈ ನಡುವಿನ ವಾರಗಳೇ ಗಂಡಾಂತರದ್ದು. ಕಿವಿರು ಹೋದ ಮ್ಯಾಲೆ ಆಳದ ನೀರಾಗ ದಣದು ಮುಳುಗಿ ಸಾಯ್ತದ. ಒಂದು ಅಗಲನ ಪ್ಲಾಸ್ಟಿಕ್ ಟಬ್ ತಗೋ, 40 ಲೀಟರಿಂದು ಸಾಕು. ಒಂದು ತುದಿ ಕೆಳಗ ಹಲಗಿ ಇಟ್ಟು ವಾಲಿಸು. ತಗ್ಗಿನ ಕಡೆ 6–7 ಸೆಂಟಿಮೀಟರ್ ನೀರು ನಿಲ್ಲಲಿ, ಏರಿನ ಕಡೆ ಅಚ್ಚಿಲ್ಲದ ಬಿಳಿ ಪೇಪರ್ ಟವೆಲ್ ಒದ್ದಿ ಮಾಡಿ ಹಾಸು. ಅದಕ್ಕ ಬೇಕಾದಾಗ ನೀರು, ಸಾಕಾದಾಗ ನೆಲ. ಗಾಜಿನ ತೊಟ್ಟಿನ ಮಾತ್ರ ವಾಲಸಬ್ಯಾಡ, ಸಿಲಿಕಾನ್ ಬಿರಕ ಬಿಡ್ತದ.

ಗುರಣ್ಣ: ನೀರು ಕಡಿಮಿ ಅಂದ್ರ ಹೊಲಸು ಲಗೂನ ಏರತೈತಿ, ದಿನಾ ಪೂರಾ ಬದಲಿಸು. ಮಲಪ್ರಭಾ ನೀರು ಬಂದ ದಿನ ಕ್ಲೋರಿನ್ ವಾಸನಿ ಹೊಡೀತೈತಲ್ಲ, ಅದನ್ನ ನೇರ ಹಾಕಬ್ಯಾಡ. ಬಕೆಟ್‌ನಾಗ ಒಂದು ದಿನ ಬಿಟ್ರ ಕ್ಲೋರಿನ್ ಹಾರತೈತಿ, ಕ್ಲೋರಿನ್-ಅಮೋನಿಯಾ ಕೂಡಿದ ಕ್ಲೋರಮೈನ್ ಇದ್ರ ಹಾರೂದಿಲ್ಲ. ಮೀನಿನ ಅಂಗಡ್ಯಾಗ ಕ್ಲೋರಿನ್ ತಗಿಯೋ ಔಷಧ ಸಿಗತೈತಿ, ಬಾಟಲಿ ಮ್ಯಾಲಿನ ಅಳತಿ ಪ್ರಕಾರ ಹಾಕು.

ಶಿವ್ಯಾ: ಊಟ?

ಗುರಣ್ಣ: ಬದಲಾಗೋ ಹೊತ್ತಿನಾಗ ಅದು ಉಣ್ಣೂದಿಲ್ಲ, ಬಾಯಿ ಒಳಗಿನ ರಚನಿನ ಬದಲಾಗತಿರತೈತಿ. ವಾರದಾಗ ಎರಡು ಸಲ ಹುಳ ತೋರಸು, ಒಲ್ಲೆ ಅಂದ್ರ ತಗಿ. ಬಾಯಿ ತಗದು ತುರುಕಾಕ ಹೋಗಬ್ಯಾಡ. ಅಡಿಗಿ ಮನಿ ಡಿಜಿಟಲ್ ತಕ್ಕಡಿ ಮ್ಯಾಲೆ ವಾರಕ್ಕೊಮ್ಮೆ ತೂಕ ಬರದಿಡು. ಬದಲಾದ ಮ್ಯಾಲೂ ಇಳೀತಾ ಹೊಂಟ್ರ ಪಶುವೈದ್ಯರಿಗೆ ತೋರಸು.

ಬಸ್ಯಾ: ತಕ್ಕಡಿ ಮ್ಯಾಲೆ ಅದನ್ನ ಕುಂದ್ರಿಸಿ, ಅದರಾಗ ರವಾ ತೂಗಿ, ಶಿವ್ಯಾನ ಮನಿ ಉಪ್ಪಿಟ್ಟು ಉಣ್ಣಾಕ ಕರದ್ರ ನಾ ಬರೂದಿಲ್ಲಪ್ಪ.

ಸುಧಾಕ್ಕ: ಡಬ್ಬಿಯೊಳಗ ಕುಂದ್ರಿಸೋ ಮಾರಾಯಾ. ಮತ್ತ ಮುಚ್ಚಳ ಮರೀಬ್ಯಾಡ್ರಿ. ಒದ್ದಿ ಹೊಟ್ಟಿ ಗ್ವಾಡಿಗೆ ಅಂಟಿಸ್ಕೊಂಡು ಮೂಲ್ಯಾಗಿಂದ ಹತ್ತಿ ಬೀಳ್ತದ. ಬೆಳಗಾಗೋದರಾಗ ಕಪಾಟಿನ ಹಿಂದ ಒಣಗಿ ಕಟಗಿ ಆಗಿರ್ತದ.

ಶಿವ್ಯಾ: ಪೂರಾ ಬದಲಾದ ಮ್ಯಾಲೆ ಅದ ತೊಟ್ಟಿ ನಡೀತೈತೇನು?

ಗುರಣ್ಣ: ನಡೀತೈತಿ. 75 ಸೆಂಟಿಮೀಟರ್ ಉದ್ದ, 30 ಅಗಲ ಇದ್ರ ಒಂದಕ್ಕ ಸಾಕು. ಅದರಾಗ 12 ಸೆಂಟಿಮೀಟರ್ ಕೊಕೊಪೀಟ್, ಅಂದ್ರ ತೆಂಗಿನ ನಾರಿನ ಪುಡಿ ತುಂಬಬೇಕು, ಇದು ಮಣ್ಣು ತೋಡಿ ಒಳಗ ಕುಂದ್ರೋ ಪ್ರಾಣಿ. ಲೆಕ್ಕಾ ಹಾಕಿದ್ರ 27 ಲೀಟರ್. 650 ಗ್ರಾಮಿನ ಒಂದು ಇಟ್ಟಿಗಿ ನೆನಸಿದ್ರ 8–9 ಲೀಟರ್ ಉಬ್ಬತೈತಿ, ಅಂದ್ರ ಮೂರು ಇಟ್ಟಿಗಿ. ನರ್ಸರ್‍ಯಾಗ ಗೊಬ್ಬರ ಬೆರಸಿದ್ದೂ ಮಾರತಾರ, ಅದು ಬ್ಯಾಡ. ಕೊಕೊಪೀಟ್‌ನಾಗ ಉಪ್ಪು ಉಳದಿರತೈತಿ. ಬಕೆಟ್‌ನಾಗ ನೆನಸಿ, ಪಂಚೆಯಾಗ ಹಿಂಡಿ, ಮತ್ತ ನೆನಸಿ, ಮತ್ತ ಹಿಂಡು. ಎರಡು ಮೂರು ಸಲ ಆಗಲಿ.

ಸುಧಾಕ್ಕ: ಎಷ್ಟು ಒದ್ದಿ ಅನ್ನೋದರಾಗ ಎಲ್ಲಾರೂ ಎಡವೋದು. ಒಂದು ಮುಷ್ಟಿ ತಗೊಂಡು ಜೋರಾಗಿ ಹಿಂಡು. ಉಂಡಿ ಕಟ್ಟಬೇಕು, ಬೆರಳ ಸಂದ್ಯಾಗ ಎರಡು ಹನಿ ಬಂದ್ರ ಬರಬೇಕು. ಧಾರಿ ಇಳದ್ರ ಹೆಚ್ಚಾತು, ಕೆಳಗ ನೀರು ನಿಂತು ಕೊಳೀತದ, ಹೊಟ್ಟಿ ಮ್ಯಾಲೆ ಕೆಂಪು ಕಲಿ, ಗುಳ್ಳಿ ಬರ್ತಾವ. ಉಂಡಿ ಪುಡಿ ಆದ್ರ ಕಡಿಮಿ ಆತು, ಪೊರಿ ಬಿಡೋ ಹೊತ್ತಿಗೆ ಬೆರಳಿಗೆ ಸುತ್ತಿಕೊಂಡು ಕುಂದರ್ತದ. ಒಂದು ಕಡೆ ಸ್ವಲ್ಪ ಹಸಿ, ಇನ್ನೊಂದು ಕಡೆ ಸ್ವಲ್ಪ ಆರು ಇಡು, ಜಾಗಾ ಅದ ಆರಿಸ್ಕೊಳ್ತದ.

ಗುರಣ್ಣ: ಅಡಗಾಕ ಹಳೇ ನಾಡಹಂಚು ಎರಡು ಬೋರಲ ಹಾಕು. ಸಾಬೂನ ಹಚ್ಚದ ತೊಳಿ. ಹೂಕುಂಡದ ಕೆಳಗಿಡೋ ಮಣ್ಣಿನ ತಟ್ಟ್ಯಾಗ 3 ಸೆಂಟಿಮೀಟರ್ ನೀರು, ದಿನಾ ಬದಲಿಸಬೇಕು. ಗರಸು ಹಾಕಬ್ಯಾಡ, ಹುಳದ ಜೋಡಿ ನುಂಗಿ ಕರುಳು ಕಟ್ಟತೈತಿ.

ಬಸ್ಯಾ: ಹಂಚಿನ ಮನಿ, ಮುಂದ ನೀರಿನ ತಟ್ಟಿ. ಬಾಡಿಗಿ ಎಷ್ಟಂತ ಕೇಳಿ ಹೇಳ್ರಿ, ನಾ ಹೋಗ್ತೀನಿ.

ಗುರಣ್ಣ: ಏಸಿ ಸುದ್ದಾ ಬಂತು ತಡಿ. 16ರಿಂದ 20 ಡಿಗ್ರಿ ಇದಕ್ಕ ಹಿತ. 24 ದಾಟಿದ್ರ ತ್ರಾಸ ಶುರು. ನಮ್ಮ ಹುಬ್ಬಳ್ಳ್ಯಾಗ ಏಪ್ರಿಲ್ ತಿಂಗಳ ಮಧ್ಯಾಹ್ನ 37–38 ಆಗತೈತಿ.

ಶಿವ್ಯಾ: ಕೂಲರ್ ಐತಿ ಮನ್ಯಾಗ.

ಗುರಣ್ಣ: ಕೂಲರ್ ನೀರು ಆರಿಸಿ ತಂಪು ಮಾಡತೈತಿ. ಒಣ ಹವಾ ಇರೋ ಮಾರ್ಚ್‌ನಾಗ ಒಂದೀಟು ಇಳಸತೈತಿ, ಮಳಿಗಾಲದ ಹಸಿ ಹವಾಕ್ಕ ಏನೂ ಮಾಡೂದಿಲ್ಲ. 20ಕ್ಕಂತೂ ತರೂದಿಲ್ಲ. ಬ್ಯಾಸಿಗ್ಯಾಗ ಏಸಿ ಬೇಕ ಬೇಕು. ತೊಟ್ಟಿ ನೆಲದ ಮ್ಯಾಲೆ ಇಡು, ಬಿಸಲು ಬೀಳದ ಖೋಲ್ಯಾಗ. ಕರೆಂಟ್ ಹೋದ್ರ ಒಂದು ಲೀಟರ್ ಬಾಟಲಿ ಬರ್ಫ ಮಾಡಿದ್ದನ್ನ ಅರಿವಿ ಸುತ್ತಿ ಜಾಳಗಿ ಮುಚ್ಚಳದ ಮ್ಯಾಲೆ ಇಡು. ತಂಪು ಹವಾ ಭಾರ, ತಾನ ಕೆಳಗ ಇಳೀತೈತಿ. ಸುತ್ತ ಥರ್ಮಾಕೋಲ್ ಕಟ್ಟು. ಬರ್ಫ ಒಳಗ ಹಾಕಬ್ಯಾಡ. ಥರ್ಮಾಮೀಟರ್ ವೈರಿನ ತುದಿ ಮಣ್ಣಾಗ ಹುಗದಿರಲಿ, ಗ್ವಾಡಿ ಮ್ಯಾಲಿನ ಅಂಕಿ ನಂಬಿ ಕೆಡಬ್ಯಾಡ.

ಬಸ್ಯಾ: ಶಿವ್ಯಾನ ಹೆಂಡ್ತಿ ಕೇಳಿ ಕೇಳಿ ಬ್ಯಾಸತ್ತ ಏಸಿ ಈ ಹಲ್ಲಿ ಪುಣ್ಯದಿಂದ ಬರತೈತಿ ಅಂತಾತು.

ಸುಧಾಕ್ಕ: ಹಲ್ಲಿ ಅನಬ್ಯಾಡ, ಅದಕ್ಕ ಹುರುಪಿ ಇಲ್ಲ, ಬರೇ ತೊಗಲು. ಅದರ ಮೂಲಕನ ಉಸಿರಾಡ್ತದ, ನೀರು ಕುಡೀತದ, ನಿನ್ನ ಕೈಯಾಗಿನ ಉಪ್ಪು-ಖಾರಾನೂ ಎಳ್ಕೊಳ್ತದ. ಮಿರ್ಚಿ ತಿಂದ ಕೈಲೆ, ಸ್ಯಾನಿಟೈಸರ್ ಹಚ್ಚಿದ ಕೈಲೆ ಮುಟ್ಟಬಾರದು. ಎತ್ತಲೇಬೇಕಾದ್ರ ಕ್ಲೋರಿನ್ ಇಲ್ಲದ ನೀರಾಗ ಕೈ ತೊಯಿಸಿ, ಇಲ್ಲಾ ಪುಡಿ ಇಲ್ಲದ ನೈಟ್ರೈಲ್ ಗ್ಲೌಸ್ ಹಾಕಿ ಎತ್ತಬೇಕು.

ಶಿವ್ಯಾ: ಹುಳ ಎಲ್ಲಿಂದ ತರ್‍ಲಿ? ಹಾವೇರಿ ಕಡೆ ನಮ್ಮ ಮಾವನ ಹತ್ತಿ ಹೊಲ ಐತಿ.

ಗುರಣ್ಣ: ಹತ್ತಿ ಹೊಲದ ಹುಳಾನ? ಎಣ್ಣಿ ಹೊಡದ ಮಣ್ಣಿನ ಹುಳ ತಿನಿಸಿದ್ರ ಔಷಧನ ತಿನಿಸಿದಂಗಾತು. ಎರೆಗೊಬ್ಬರ ಮಾಡೋರ ಕಡೆ ಹೋಗು. ಅಲ್ಲಿ ಎರಡು ನಮೂನಿ ಇರತಾವು. ಪಟ್ಟಿ ಪಟ್ಟಿ ಕೆಂಪು ಐಸೀನಿಯಾ ಹಿಡದ್ರ ಹಳದಿ ಕಹಿ ರಸಾ ಬಿಡತೈತಿ, ಭಾಳ ಪ್ರಾಣಿ ಬಾಯಿಗಿಟ್ಟು ಉಗುಳತಾವು. ಉದ್ದನ ನೇರಳಿ ಛಾಯಾದ ಯೂಡ್ರಿಲಸ್ ಛಲೋ. ಪ್ರಾಣಿ ತಲಿ ಅಗಲದಷ್ಟು ತುಂಡು ಮಾಡಿ, ಮೊಂಡು ತುದಿ ಚಿಮಟಿಗೀಲೆ ಮೂತಿ ಮುಂದ ಆಡಸು. ಅಲುಗಾಡದ್ದು ಅದಕ್ಕ ಊಟ ಅನಿಸೂದಿಲ್ಲ. ದೊಡ್ಡದಕ್ಕ ವಾರದಾಗ ಎರಡು ಮೂರು ಸಲ, ಸಲಕ್ಕೊಂದೆರಡು ಹುಳ. ಚಿಟ್ಟೆಮಿಡತಿ ಕೊಟ್ರ ಡಿ3 ಇರೋ ಕ್ಯಾಲ್ಸಿಯಂ ಪುಡಿ ಸವರಿ ಕೊಡು.

ಸುಧಾಕ್ಕ: ಸಂಜಿ ಮ್ಯಾಲೆ ಹಾಕು, ಹಗಲು ಮಣ್ಣಾಗ ಮಲಗಿರ್ತದ. ರಾತ್ರಿ ಹಗಲು ಗಾಜಿನ ಗುಂಟ ಸುತ್ತಲಿಕ್ಕತ್ರ ಮಾತ್ರ ಖುಷಿ ಅಂತ ತಿಳೀಬ್ಯಾಡ. ಬಿಸಿ ಹೆಚ್ಚಾಗ್ಯದ, ಇಲ್ಲಾ ಮಣ್ಣು ಒಣಗ್ಯದ, ಇಲ್ಲಾ ಹೊಲಸಾಗ್ಯದ. ಹಿಕ್ಕಿ ಕಂಡಲ್ಲೆ ಚಮಚಾಲೆ ತಗಿ, ಹುಳದ ತುಂಡು ಉಳದ್ರ ಹುಡುಕಿ ತಗಿ.

ಬಸ್ಯಾ: ಇಷ್ಟೆಲ್ಲಾ ಯಾಕ? ಉಣಕಲ್ ಕೆರಿಗೆ ಬಿಟ್ಟು ಕೈ ಮುಗದು ಬಂದ್ರ?

ಸುಧಾಕ್ಕ: ಕಿವಿರಿಲ್ಲದ್ದು ಕೆರ್‍ಯಾಗ ಏನ ಮಾಡ್ತದೋ? ಬಿಸಿ ನೀರಿಗೇ ಸಾಯ್ತದ. ಅದರ ಮೈಯಾಗ ಕೈಟ್ರಿಡ್ ಅನ್ನೋ ತೊಗಲಿನ ರೋಗದ ಬೂಸು ಇದ್ರ ನಮ್ಮ ಕಪ್ಪಿಗಳಿಗೂ ಹಚ್ಚಿ ಹೋಗ್ತದ. ಬಿಡೋ ಮಾತ ಆಡಬ್ಯಾಡ.

ಗುರಣ್ಣ: ಕಾನೂನೂ ಐತಿ. ಆಕ್ಸೊಲಾಟಲ್ ಸೈಟಿಸ್, ಅಂದ್ರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟ್ಯಾಗ ಐತಿ. 2022ರ ತಿದ್ದುಪಡಿ ಆದ ಮ್ಯಾಲೆ ವನ್ಯಜೀವಿ ಕಾಯ್ದೆ ನಾಕನೇ ಅನುಸೂಚಿಯೊಳಗ ಬರತೈತಿ. 2024ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಾಗ ನೋಂದಣಿ ಮಾಡಸಬೇಕು, ಹೊಸದಾಗಿ ತಂದೋರಿಗೆ 30 ದಿನದ ಗಡುವು. ಮಾಡಿಸಿಯೇನೋ?

ಶಿವ್ಯಾ: ಮಾಡಸೇನಿ. ಆದ್ರ ಅದು ಕಿವಿರು ಇದ್ದಾಗಿಂದು.

ಬಸ್ಯಾ: ಸತ್ಯಾನಾಶ! ಕಾಗದದಾಗ ಮೀನು, ಮನ್ಯಾಗ ಹಲ್ಲಿ. ಸಾಹೇಬರು ಬಂದ್ರ ಯಾವುದಕ್ಕ ಸಹಿ ಹಾಕತಾರ?

ಗುರಣ್ಣ: ಜಾತಿ ಬದಲಾಗಿಲ್ಲೋ, ಆಗೂ ಅಂಬಿಸ್ಟೋಮಾ ಮೆಕ್ಸಿಕಾನಮ್, ಈಗೂ ಅದ. ವಾರಕ್ಕೊಂದು ಫೋಟೋ ತಗದು ತಾರೀಖು ಹಾಕಿಡು ಶಿವು, ಯಾರರ ಕೇಳಿದ್ರ ಸಾಲಾಗಿ ತೋರಿಸಬಹುದು.

ಬಸ್ಯಾ: ಮತ್ತ ನನ್ನ ಆಧಾರ್ ಫೋಟೋ? ಅದರಾಗ ತಲಿ ತುಂಬ ಕೂದಲ ಅದಾವು, ಬ್ಯಾಂಕಿನವರು ನಂಬವಲ್ರು.

ಸುಧಾಕ್ಕ: ನಿಂದು ರೂಪಾಂತರ ಅಲ್ಲ ಬಸ್ಯಾ, ನೀರು ಬದಲಿಸಿ ನೋಡು.